ಗಡಿ ಗೊತ್ತು, ಮಟ್ಟ ಗೊತ್ತಾ?

ಮನೆ ಕಟ್ಟುವವರ ಪ್ರಶ್ನೆ, ನಮ್ಮ ಉತ್ತರ

ಕಳೆದ ತಿಂಗಳು ಪಾಯದ ಬಗ್ಗೆ ಬರೆಯುವಾಗ "ಪಾಯ ಅಗೆಯುವ ಮೊದಲು ಜಾಗದ ಏರುತಗ್ಗಿನ ಸರ್ವೇ ಮಾಡಿಸಿ" ಅಂತ ಒಂದು ಸಾಲು ಸೇರಿಸಿದ್ದೆ. ಪಾಯದ ಮಾತು ಬಿಟ್ಟು ಎಲ್ಲರೂ ಆ ಒಂದು ಸಾಲನ್ನೇ ಹಿಡಿದುಕೊಂಡಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅದೇ.

*

ಪ್ರಶ್ನೆ: ಊರಿಗೆ ಅಂಟಿಕೊಂಡ ಹಾಗೆ 20 ಗುಂಟೆ ಜಮೀನಿದೆ. ಭೂಪರಿವರ್ತನೆ ಆಗಿದೆ, 11ಇ ನಕ್ಷೆ (ಭೂಮಾಪನ ಇಲಾಖೆಯ ಅಳತೆ ನಕ್ಷೆ) ಇದೆ, ಹೋದ ವರ್ಷ ಹದ್ದುಬಸ್ತು (ಗಡಿ ಗುರುತು) ಮಾಡಿಸಿ ಬಾಂದು ಕಲ್ಲನ್ನೂ ನೆಡಿಸಿದ್ದೇವೆ. ಈಗ ಆರ್ಕಿಟೆಕ್ಟ್ "ಟೋಪೋ ಸರ್ವೇ ಮಾಡಿಸಿಕೊಂಡು ಬನ್ನಿ, ಆಮೇಲೆ ಪ್ಲಾನ್" ಅಂತಿದ್ದಾರೆ. ಒಂದೇ ಜಾಗಕ್ಕೆ ಎಷ್ಟು ಸಲ ಸರ್ವೇ ಸರ್? ದುಡ್ಡು ಕೀಳುವ ಉಪಾಯ ಅಲ್ವಾ ಇದು?
ಓದುಗರು, ತುಮಕೂರು ಜಿಲ್ಲೆ

ಉತ್ತರ: ಅಲ್ಲ. ಇವು ಎರಡೂ ಬೇರೆ ಬೇರೆ ಕೆಲಸ. ಎರಡಕ್ಕೂ ಸರ್ವೇ ಅನ್ನುವ ಒಂದೇ ಹೆಸರು ಇರುವುದರಿಂದ ಈ ಗೊಂದಲ.

ಸರ್ಕಾರಿ ಸರ್ವೇ ಹುಟ್ಟಿದ್ದೇ ಕಂದಾಯಕ್ಕೆ. ಯಾರ ಹತ್ತಿರ ಎಷ್ಟು ಭೂಮಿ, ಅದರ ಮೇಲೆ ಎಷ್ಟು ತೆರಿಗೆ ಹಾಕಬಹುದು, ಅದಷ್ಟೇ ಅದರ ಚಿಂತೆ. 33 ಅಡಿಯ ಸರಪಳಿ ಎಳೆದರು, 33 ಅಡಿಗೆ 33 ಅಡಿ ಆದರೆ 1,089 ಚದರಡಿ, ಅದೇ ಒಂದು ಗುಂಟೆ. ಟಿಪ್ಪಣಿ (ಸರ್ವೇಯ ಮೂಲ ಅಳತೆಯ ದಾಖಲೆ) ತೆರೆದು ನೋಡಿ: ಉದ್ದ ಇದೆ, ಅಗಲ ಇದೆ, ಪಕ್ಕದವರ ಸರ್ವೇ ನಂಬರ್ ಇದೆ. ನಿಮ್ಮ ಜಮೀನಿನ ಪೂರ್ವದ ಮೂಲೆ ಪಶ್ಚಿಮದ ಮೂಲೆಗಿಂತ ಎಂಟು ಅಡಿ ಎತ್ತರದಲ್ಲಿದೆ ಅನ್ನುವುದು ಎಲ್ಲೂ ಇಲ್ಲ. 11ಇ ನಕ್ಷೆಯಲ್ಲೂ ಇಲ್ಲ, ಹದ್ದುಬಸ್ತಿನಲ್ಲೂ ಇಲ್ಲ. ಗಡಿ ಜಗಳಕ್ಕೆ ಆ ಕಾಗದ ಬೇಕು. ಆದರೆ ಮಳೆ ನೀರು ಖಾತೆ, ಪಹಣಿ ನೋಡಿಕೊಂಡು ಹರಿಯುವುದಿಲ್ಲ.

ಟೋಪೋ ಸರ್ವೇ ಅಂದರೆ ಅದೇ ಏರುತಗ್ಗಿನ ಸರ್ವೇ, ಅವರು ನೋಡುವುದು ಮಟ್ಟವನ್ನು. ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಯಂತ್ರ) ಅಥವಾ ಜಿಪಿಎಸ್ ಹಿಡಿದುಕೊಂಡು ಸುಮಾರು ಐದೈದು ಮೀಟರಿಗೆ ಒಂದರಂತೆ ನೆಲದ ಎತ್ತರ ಬರೆದುಕೊಳ್ಳುತ್ತಾರೆ. ನಿಮ್ಮ 20 ಗುಂಟೆಗೆ ಹಾಗೆ 80 ಬಿಂದು ಆದರೂ ಬರುತ್ತವೆ. ಅದರ ಜೊತೆಗೆ ಮರ, ಬಾವಿ, ಬೋರ್‌ವೆಲ್, ಕರೆಂಟ್ ಕಂಬ, ಬಂಡೆ, ಬದು, ರಸ್ತೆಯ ನಡುಮಧ್ಯದ ಮಟ್ಟ, ಚರಂಡಿಯ ತಳದ ಮಟ್ಟ, ಪಕ್ಕದ ಮನೆಯ ಪಾಯ ಎಷ್ಟು ಎತ್ತರ ಅನ್ನುವುದು, ಎಲ್ಲ ಸೇರಬೇಕು. ಆಮೇಲೆ ಒಂದೇ ಎತ್ತರದ ಬಿಂದುಗಳನ್ನು ಸೇರಿಸಿ ಗೆರೆ ಎಳೆಯುತ್ತಾರೆ, ಅದೇ ಕಾಂಟೂರ್. ಬೇಸಿಗೆಯಲ್ಲಿ ಕೆರೆ ಇಳಿಯುತ್ತಾ ಹೋದ ಹಾಗೆ ದಡದ ಮೇಲೆ ಸುತ್ತಲೂ ಗೆರೆ ಗೆರೆ ಉಳಿಯುತ್ತದಲ್ಲ, ಅದನ್ನು ಮೇಲಿನಿಂದ ನೋಡಿದರೆ ಹೇಗೋ ಹಾಗೆ. ಗೆರೆ ಹತ್ತಿರ ಹತ್ತಿರ ಇದ್ದರೆ ಕಡಿದಾದ ಜಾಗ, ದೂರ ದೂರ ಇದ್ದರೆ ಸಪಾಟು. ಸಾಲು ಗೆರೆಗಳೆಲ್ಲ ಏರಿನ ಕಡೆಗೆ ಚೂಪಾಗಿ ಬಾಗಿದ್ದರೆ ಅಲ್ಲಿ ಹಳ್ಳದ ಜಾಡು ಇದೆ ಅಂತ ತಿಳಿಯಿರಿ. ಈಗ ಒಣಗಿ ಹುಲ್ಲು ಬೆಳೆದಿರಬಹುದು, ಆದರೂ ಅಲ್ಲಿ ಮನೆ ಬೇಡ.

ಬರಿಗಣ್ಣು ಇಲ್ಲಿ ಮೋಸ ಮಾಡುತ್ತದೆ. ನಮ್ಮ ಚಿಕ್ಕಪ್ಪ ಮನೆ ಕಟ್ಟಿದಾಗ "ಜಾಗ ತಟ್ಟೆ ಇದ್ದ ಹಾಗಿದೆ, ಸರ್ವೇ ಏನು ಸುಡುಗಾಡು" ಅಂದರು. ನಾನೂ ಆಗಿನ್ನೂ ಹೊಸದಾಗಿ ಓದು ಮುಗಿಸಿದವನು, ಹೌದು ಅಂದೆ. ಮನೆ ಮುಗಿದ ಮೇಲೆ ಗೊತ್ತಾಗಿದ್ದು ಏನೆಂದರೆ, ಶೌಚಾಲಯದಿಂದ ಸೆಪ್ಟಿಕ್ ಟ್ಯಾಂಕಿಗೆ ಅರವತ್ತು ಅಡಿ ದೂರ, ಟ್ಯಾಂಕ್ ಕೂತ ಜಾಗವೇ ಒಂದು ಗೇಣು ಎತ್ತರ. ನಾಲ್ಕಿಂಚಿನ ಪೈಪಿಗೆ ಅರವತ್ತು ಅಡಿಗೆ ಸುಮಾರು ಒಂದು ಅಡಿ ಇಳಿಜಾರು ಬೇಕು. ಟ್ಯಾಂಕನ್ನು ಒಡೆದು ಮನೆಯ ಇನ್ನೊಂದು ಬದಿಗೆ ಕಟ್ಟಿಸಿದರು. ಚಿಕ್ಕಮ್ಮ ಇವತ್ತಿಗೂ ನನ್ನನ್ನು "ಇಂಜಿನಿಯರ್ರೇ" ಅಂತ ಕರೆಯುವಾಗ ಒಂಥರಾ ನಗುತ್ತಾರೆ.

ಒಂದು ಎಚ್ಚರಿಕೆ. ಟೋಪೋ ಮಾಡುವ ಖಾಸಗಿಯವರು ನಿಮ್ಮ ಗಡಿ ತೀರ್ಮಾನ ಮಾಡುವವರಲ್ಲ. ಬೇಲಿ ಕಂಡಲ್ಲಿ ಬೇಲಿ ಬರೆಯುತ್ತಾರೆ ಅಷ್ಟೆ. ಅದಕ್ಕೇ ಬಾಂದು ಕಲ್ಲುಗಳನ್ನೂ ಅಳೆದು ನಕ್ಷೆಯಲ್ಲಿ ತೋರಿಸಿ ಅಂತ ಹೇಳಿ, 11ಇ ನಕ್ಷೆಯ ಪ್ರತಿ ಕೊಡಿ. ಕಲ್ಲು ಒಂದು ಕಡೆ, ಬೇಲಿ ಇನ್ನೊಂದು ಕಡೆ ಬಂತು ಅಂದರೆ ಮೊದಲು ಭೂಮಾಪನ ಇಲಾಖೆಯಲ್ಲೇ ಅದನ್ನು ಸರಿ ಮಾಡಿಕೊಳ್ಳಿ, ಆಮೇಲೆ ಪಾಯ.

*

ಪ್ರಶ್ನೆ: ಬೆಂಗಳೂರಲ್ಲಿ 30/40 ಸೈಟು. ಮೇಸ್ತ್ರಿ "ಟ್ಯೂಬ್ ಲೆವೆಲ್ ಹಿಡಿದು ನಾನೇ ನೋಡ್ಕೋತೀನಿ" ಅಂತಾರೆ. ಫೋನಿನ ಆಪ್‌ನಲ್ಲಿ ನೋಡಿದೆ, ನಾಲ್ಕು ಮೂಲೆಯೂ ಒಂದೇ ಎತ್ತರ ತೋರಿಸುತ್ತಿದೆ. ಸಾಕಲ್ವಾ?
ಓದುಗರು, ಬೆಂಗಳೂರು

ಉತ್ತರ: ಮೇಸ್ತ್ರಿ ಸರಿ, ಆಪ್ ತಪ್ಪು.

ಆಪ್ ಯಾಕೆ ತಪ್ಪು ಅಂದರೆ, ಉಚಿತವಾಗಿ ಸಿಗುವ ಅನೇಕ ಎತ್ತರದ ನಕ್ಷೆಗಳ ಮೂಲ 2000ನೇ ಇಸವಿಯಲ್ಲಿ ಅಮೆರಿಕದ ಗಗನನೌಕೆಯಿಂದ ರೇಡಾರ್ ಹಿಡಿದು ಅಳೆದದ್ದು. ಅದರಲ್ಲಿ 30 ಮೀಟರಿಗೆ ಒಂದು ಚೌಕ, ಒಂದು ಚೌಕಕ್ಕೆ ಒಂದೇ ಎತ್ತರ. ನಿಮ್ಮ ಅಳತೆಯ ಎಂಟು ಸೈಟು ಆ ಒಂದು ಚೌಕದೊಳಗೆ ಹಿಡಿಸುತ್ತವೆ. ನಾಲ್ಕು ಮೂಲೆ ಒಂದೇ ಎತ್ತರ ತೋರಿಸದೆ ಇನ್ನೇನು ತೋರಿಸೀತು?

ಟ್ಯೂಬ್ ಲೆವೆಲ್ ಹಾಗಲ್ಲ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಇದರಲ್ಲಿ ಸುಳ್ಳು ಬರುವುದು ಎರಡೇ ಕಾರಣಕ್ಕೆ: ಪೈಪಿನೊಳಗೆ ಗಾಳಿಗುಳ್ಳೆ ಇದ್ದರೆ, ಇಲ್ಲವೇ ನಡುವೆ ಯಾರಾದರೂ ಪೈಪ್ ತುಳಿದು ನಿಂತಿದ್ದರೆ. ಲೇಔಟ್ ಆಗಿ ರಸ್ತೆ, ಚರಂಡಿ ಎಲ್ಲ ಬಂದಿರುವ ಕಡೆ ಒಂದು ಸಣ್ಣ ಸೈಟಿಗೆ ಇಷ್ಟು ಸಾಕು. ಸಾವಿರಗಟ್ಟಲೆ ಕೊಟ್ಟು ಕಾಂಟೂರ್ ನಕ್ಷೆ ಮಾಡಿಸಬೇಡಿ. ಆದರೆ ನಾಲ್ಕು ಮೂಲೆ ಮಾತ್ರ ನೋಡಿ ಬಿಡಬಾರದು. ರಸ್ತೆಯ ಮಟ್ಟ, ಚರಂಡಿಯ ತಳ, ಒಳಚರಂಡಿಯ ಮ್ಯಾನ್‌ಹೋಲಿನೊಳಗೆ ಪೈಪಿನ ತಳ, ಎರಡೂ ಪಕ್ಕದ ಮನೆಗಳ ಪಾಯದ ಮಟ್ಟ, ಇವನ್ನೂ ಬರೆದುಕೊಳ್ಳಿ. ಪಾಯದ ಮಟ್ಟ ಸುತ್ತಲಿನ ನೆಲಕ್ಕಿಂತ ಕಡಿಮೆ ಎಂದರೂ 45 ಸೆಂಟಿಮೀಟರ್ ಎತ್ತರ ಇರಬೇಕು ಅನ್ನುವುದು ನಿಯಮ. ನಾನು ಇನ್ನೊಂದಿಷ್ಟು ಜಾಸ್ತಿ ಇಡಿ ಅನ್ನುತ್ತೇನೆ, ಯಾಕಂದ್ರೆ ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕುತ್ತಾ ಹೋಗುವ ಊರು ಇದು. ಹಳೇ ಬಡಾವಣೆಗಳಲ್ಲಿ ಮನೆಗೆ ಎರಡು ಮೆಟ್ಟಿಲು ಇಳಿದು ಹೋಗಬೇಕಾಗಿದ್ದು ಹೀಗೇ.

ನಿಮ್ಮ ಸೈಟಿನ ವಿಷಯದಲ್ಲಿ ನಾನು ಹೆದರುವುದು ಒಳಗಿನ ಮಟ್ಟಕ್ಕಲ್ಲ, ಸುತ್ತಲಿನ ಮಟ್ಟಕ್ಕೆ. ಬೆಂಗಳೂರು ಇರುವುದು ಗುಡ್ಡದ ಬೆನ್ನಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್. ಈ ಬೆನ್ನಿನ ಒಂದು ಕಡೆಯ ನೀರು ವೃಷಭಾವತಿಗೆ ಇಳಿದು ಅರ್ಕಾವತಿ ಸೇರುತ್ತದೆ, ಇನ್ನೊಂದು ಕಡೆಯದು ಹೆಬ್ಬಾಳ, ಕೋರಮಂಗಲ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ನಡುವೆ ಕೆರೆಯಿಂದ ಕೆರೆಗೆ ರಾಜಕಾಲುವೆ. 2022ರ ಸೆಪ್ಟೆಂಬರಿನಲ್ಲಿ ನೆರೆ ಬಂದಾಗ ಸರ್ಜಾಪುರ ರಸ್ತೆ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರ್‌ನಲ್ಲಿ ಕರೆತಂದರಲ್ಲ, ಆ ಮನೆಗಳ ಒಳಗಿನ ಲೆವೆಲ್ ಬಹುಶಃ ಅಚ್ಚುಕಟ್ಟಾಗೇ ಇತ್ತು. ಗ್ರಾಮನಕ್ಷೆ ತೆಗೆಸಿ, ಸರ್ಕಾರದ ದಿಶಾಂಕ್ ಆಪ್‌ನಲ್ಲಿ ಸರ್ವೇ ನಂಬರ್ ಹಾಕಿ, ಹತ್ತಿರದಲ್ಲಿ ಹಳ್ಳವೋ ಕಾಲುವೆಯೋ ಬಿ ಖರಾಬೋ (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಇದೆಯಾ ನೋಡಿ. ದಿಶಾಂಕ್ ಬರೀ ದಾರಿ ತೋರಿಸುತ್ತದೆ, ಅದು ದಾಖಲೆ ಅಲ್ಲ. ಹಳ್ಳ, ಕಾಲುವೆ ಇದ್ದರೆ ಎಷ್ಟು ಬಿಟ್ಟು ಕಟ್ಟಬೇಕು ಅನ್ನುವುದನ್ನು ಪ್ಲಾನ್ ಮಂಜೂರು ಮಾಡುವ ಕಚೇರಿಯಲ್ಲೇ ಬರವಣಿಗೆಯಲ್ಲಿ ಕೇಳಿ. ಕೆರೆಯಿಂದ 75 ಮೀಟರ್ ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹೀಗೆ ನಿಯಮ ಬದಲಾಗುವುದರಿಂದ ಪಕ್ಕದ ಮನೆಯವರು ತಮ್ಮ ಕಾಲದಲ್ಲಿ ಬಿಟ್ಟ ಅಳತೆ ನಿಮಗೆ ಲೆಕ್ಕಕ್ಕೆ ಬರುವುದಿಲ್ಲ.

*

ಪ್ರಶ್ನೆ: ಡ್ರೋನ್ ಸರ್ವೇ ಮಾಡಿಸಿದೆವು. ನಕ್ಷೆಯಲ್ಲಿ ನಮ್ಮ ಜಾಗದ ಎತ್ತರ ಮೈನಸ್ 70ರ ಹತ್ತಿರ ಬಂದಿದೆ! ಸಮುದ್ರ ನಮ್ಮಿಂದ ಮೂರು ಕಿಲೋಮೀಟರ್, ಇಷ್ಟು ವರ್ಷದಲ್ಲಿ ಒಂದು ಸಲವೂ ಮುಳುಗಿಲ್ಲ. ದುಡ್ಡು ವಾಪಸ್ ಕೇಳಬಹುದಾ?
ಓದುಗರು, ಉಡುಪಿ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಕ್ಷಮಿಸಿ. ಅಳತೆ ಸರಿಯಾಗಿಯೇ ಇದ್ದೀತು, ಅದನ್ನು ಸಮುದ್ರಮಟ್ಟಕ್ಕೆ ತಿರುಗಿಸಿ ಕೊಡುವ ಕೆಲಸ ಮರೆತಿದ್ದಾರೆ.

ಜಿಪಿಎಸ್‌ಗೆ ಸಮುದ್ರ ಗೊತ್ತಿಲ್ಲ. ಭೂಮಿಯನ್ನು ಒಂದು ನುಣುಪಾದ, ಸ್ವಲ್ಪ ಚಪ್ಪಟೆಯಾದ ಚೆಂಡು ಅಂತ ಲೆಕ್ಕ ಇಟ್ಟುಕೊಂಡು ಅದರ ಮೇಲ್ಮೈಯಿಂದ ಎತ್ತರ ಹೇಳುತ್ತದೆ. ನಿಜವಾದ ಸಮುದ್ರ ಆ ಚೆಂಡಿನ ಹಾಗೆ ಇಲ್ಲ. ಭೂಮಿಯ ಸೆಳೆತ ಎಲ್ಲ ಕಡೆ ಒಂದೇ ಸಮ ಇಲ್ಲದ್ದರಿಂದ ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರ ಸುಮಾರು 106 ಮೀಟರ್ ತಗ್ಗಾಗಿದೆ, ಜಗತ್ತಿನಲ್ಲೇ ದೊಡ್ಡ ತಗ್ಗು ಅದು. ನಮ್ಮ ದಕ್ಷಿಣ ಭಾರತ ಪೂರ್ತಿ ಆ ತಗ್ಗಿನ ಅಂಚಿನಲ್ಲಿದೆ. ಹಾಗಾಗಿ ನಿಮ್ಮ ಕಡೆ ಜಿಪಿಎಸ್ ಎತ್ತರಕ್ಕೂ ಸಮುದ್ರಮಟ್ಟದ ಎತ್ತರಕ್ಕೂ 80 ಮೀಟರ್ ಆಜುಬಾಜು ವ್ಯತ್ಯಾಸ ಬರುತ್ತದೆ. ಅದನ್ನು ಸೇರಿಸಿ ನೋಡಿ, ನಿಮ್ಮ ಮನೆ ನೀರಿನಿಂದ ಮೇಲೆ ಬರುತ್ತದೆ. ನಾವು ಸಮುದ್ರಮಟ್ಟ ಅನ್ನುವುದೂ ಸುಮ್ನೆ ಬಂದಿದ್ದಲ್ಲ. ಸರ್ವೇ ಆಫ್ ಇಂಡಿಯಾದವರು ಕಾರವಾರವೂ ಸೇರಿ ಒಂಬತ್ತು ಬಂದರುಗಳಲ್ಲಿ ಸಮುದ್ರದ ಉಬ್ಬರವಿಳಿತ ಅಳೆದು ಸರಾಸರಿ ಹಿಡಿದಿದ್ದು.

ಮನೆಯೊಂದಕ್ಕೆ ಇದೆಲ್ಲ ಬೇಕೇ ಬೇಕು ಅಂತಿಲ್ಲ. ಗೇಟಿನ ಪಕ್ಕದ ಸೇತುವೆಯ ಕಟ್ಟೆಯ ಎತ್ತರ 100.000 ಮೀಟರ್ ಅಂತ ನಾವೇ ಇಟ್ಟುಕೊಂಡು ಉಳಿದದ್ದನ್ನು ಅದರಿಂದ ಅಳೆದರೂ ಮನೆ ಕಟ್ಟಬಹುದು. ಆದರೆ ಹೊಳೆಯ ನೆರೆ ಎಷ್ಟು ಎತ್ತರ ಬರುತ್ತದೆ ಅಂತ ಹೋಲಿಸಬೇಕಾದರೆ ಸಮುದ್ರಮಟ್ಟದ ಲೆಕ್ಕವೇ ಬೇಕು.

ದುಡ್ಡು ವಾಪಸ್ ಕೇಳಲು ಕಾರಣ ಬೇಕಿದ್ದರೆ ಇದನ್ನು ವಿಚಾರಿಸಿ: ನಿಮ್ಮ ಜಾಗದಲ್ಲಿ ತೋಟ ಇದೆಯಾ? ಫೋಟೋ ತೆಗೆಯುವ ಡ್ರೋನಿಗೆ ಮರದ ನೆತ್ತಿ ಕಾಣುತ್ತದೆ, ಬುಡ ಕಾಣುವುದಿಲ್ಲ. ಅಡಿಕೆ ತೋಟದ ಮೇಲೆ ಹಾರಿಸಿ ಬರೆದ ಕಾಂಟೂರ್ ಅಡಿಕೆ ಸೋಗೆಯ ಕಾಂಟೂರ್. ಮಳೆಗಾಲ ಮುಗಿದ ಕೂಡಲೇ ಎದೆಮಟ್ಟದ ಹುಲ್ಲಿನ ಮೇಲೆ ಹಾರಿಸಿದರೂ ಅದೇ ಕಥೆ. ಅಂಥಲ್ಲಿ ಮನುಷ್ಯ ಕೋಲು ಹಿಡಿದುಕೊಂಡು ಒಳಗೆ ನಡೆಯಲೇಬೇಕು.

*

ಪ್ರಶ್ನೆ: ಮಡಿಕೇರಿ ಹತ್ತಿರ ಇಳಿಜಾರಿನಲ್ಲಿ 15 ಸೆಂಟ್ಸ್ ಜಾಗ. ಜೆಸಿಬಿ ತಂದು ಎರಡು ದಿನದಲ್ಲಿ ಮಟ್ಟ ಮಾಡಿಬಿಡೋಣ, ಆಮೇಲೆ ಸರ್ವೇ ಮಾಡಿಸಿದರೆ ಸುಲಭ ಅಂತ ನಮ್ಮ ಭಾವ ಹೇಳುತ್ತಿದ್ದಾರೆ. ಏನು ಮಾಡಲಿ?
ಓದುಗರು, ಕೊಡಗು

ಉತ್ತರ: ಜೆಸಿಬಿಯವನಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ. ಭಾವನ ಹತ್ತಿರ ನಿಧಾನಕ್ಕೆ ಮಾತಾಡಬಹುದು.

2018ರ ಆಗಸ್ಟಿನ ಭೂಕುಸಿತದ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಮಳೆ ವಿಪರೀತ ಬಂತು ನಿಜ. ಆದರೆ ಆಮೇಲೆ ಬಂದು ನೋಡಿದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು, ಮನೆಗೂ ರಸ್ತೆಗೂ ಇಳಿಜಾರನ್ನು ಕಡಿದದ್ದೂ ಕಾರಣ ಅಂತಲೇ ಹೇಳಿದರು. ಗುಡ್ಡ ತನ್ನ ಭಾರಕ್ಕೆ ತಕ್ಕ ಹಾಗೆ ಒಂದು ಓರೆಯಲ್ಲಿ ಕೂತಿರುತ್ತದೆ. ಬುಡ ಕಡಿದರೆ ಮೇಲಿನದಕ್ಕೆ ಆಸರೆ ಹೋಯಿತು. ಕಡಿದ ಮಣ್ಣನ್ನು ಕೆಳಗಡೆ ದೂಡಿದರೆ ಅಲ್ಲಿ ಸಡಿಲ ಮಣ್ಣಿನ ಹೊರೆ ಬಿತ್ತು. ಜೂನ್‌ನಲ್ಲಿ ಅದು ನೀರು ಕುಡಿದು ಭಾರವಾಗಿ ಇಳಿಯುತ್ತದೆ. ಒಂದೇ ಕೆಲಸದಲ್ಲಿ ಎರಡು ತಪ್ಪು, ಮೇಲೆ ಒಂದು, ಕೆಳಗೆ ಒಂದು.

ಇದಕ್ಕಿಂತ ಸಾಮಾನ್ಯವಾಗಿ ನಾನು ನೋಡಿರುವುದು ನಿಧಾನದ ಹಾಳು: ಅರ್ಧ ಮನೆ ಕಡಿದ ಗಟ್ಟಿ ನೆಲದ ಮೇಲೆ, ಅರ್ಧ ಮನೆ ತುಂಬಿದ ಮಣ್ಣಿನ ಮೇಲೆ. ಎರಡು ಮಳೆಗಾಲ ಕಳೆಯುವುದರೊಳಗೆ ತುಂಬಿದ ಕಡೆ ಕುಸಿದು, ಹಾಲ್‌ನ ನಡುವೆ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ.

ಅದಕ್ಕೇ ಸರ್ವೇ ಮೊದಲು, ಜೆಸಿಬಿ ಆಮೇಲೆ. ಒಂದು ಮೀಟರಿಗೆ ಒಂದು ಕಾಂಟೂರ್ ಎಳೆಸಿ, ಸಾಧ್ಯವಾದರೆ ಅರ್ಧ ಮೀಟರಿಗೇ ಎಳೆಸಿ. ಒಂದು ಮೀಟರಿನ ಗೆರೆಗಳ ನಡುವೆ ನೆಲದ ಮೇಲೆ ಮೂರು ಮೀಟರ್ ಅಂತರ ಬಂತು ಅಂದರೆ ಅದು ಸುಮಾರು 18 ಡಿಗ್ರಿ ಓರೆ. ಅಂಥಲ್ಲಿ ಜಾಗವನ್ನು ಮನೆಗೆ ತಕ್ಕ ಹಾಗೆ ಕಡಿಯುವ ಬದಲು ಮನೆಯನ್ನೇ ಜಾಗಕ್ಕೆ ತಕ್ಕ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಗೆರೆಗಳ ಉದ್ದಕ್ಕೆ ಮನೆಯ ಉದ್ದ ಬರಲಿ, ಅಡ್ಡ ಬೇಡ. ಅಜ್ಜಂದಿರ ಕಾಲದ ಎಷ್ಟೋ ಮನೆಗಳು ಹಾಗೇ ಇವೆ, ಉದ್ದಕ್ಕೆ, ಕಿರಿದಾಗಿ.

ಮತ್ತೆ, ನಿಮ್ಮ 15 ಸೆಂಟ್ಸ್ ಒಳಗೆ ಮಾತ್ರ ಅಳೆದರೆ ಪ್ರಯೋಜನ ಇಲ್ಲ. ನಿಮ್ಮ ಮನೆ ಮೇಲೆ ಬೀಳುವ ಬರೆ (ಗುಡ್ಡದ ಕಡಿದಾದ ಬದಿ) ನಿಮ್ಮದಲ್ಲ, ಮೇಲಿನವರದ್ದು. ಅವರನ್ನು ಕೇಳಿ ಮೇಲೂ ಕೆಳಗೂ ಇಪ್ಪತ್ತು ಮೂವತ್ತು ಮೀಟರ್ ಅಳೆಸಿ. ಮಳೆಗಾಲದಲ್ಲಿ ಒರತೆ ಏಳುವ ಜಾಗ ಊರಿನ ಹಿರಿಯರಿಗೆ ಗೊತ್ತಿರುತ್ತದೆ. ಅವರನ್ನು ಕರೆದುಕೊಂಡು ಹೋಗಿ ತೋರಿಸಿ, ನಕ್ಷೆಯಲ್ಲಿ ಗುರುತು ಹಾಕಿಸಿ, ಯಾಕಂದ್ರೆ ಸರ್ವೇಯವರು ಬರುವುದು ಫೆಬ್ರವರಿಯಲ್ಲಿ, ಆಗ ಅಲ್ಲಿ ಏನೂ ಇರುವುದಿಲ್ಲ. ಬರೆ ಕಡಿಯಲೇಬೇಕಾದರೆ ಅದರ ತಲೆಯ ಮೇಲೆ ಚರಂಡಿ, ತಡೆಗೋಡೆಯಲ್ಲಿ ನೀರು ಸೋರಲು ತೂತು. ಇಂಗುಗುಂಡಿ ಒಳ್ಳೆಯದು ಅಂತ ಬಯಲುಸೀಮೆಯವರು ಹೇಳುವುದನ್ನು ಕೇಳಿ ಬರೆಯ ಅಂಚಿನಲ್ಲಿ ತೋಡಬೇಡಿ, ಗುಡ್ಡಕ್ಕೆ ನೀವೇ ನೀರು ಕುಡಿಸಿದ ಹಾಗೆ. ಈ ಓರೆಯಲ್ಲಿ ಮಣ್ಣು ಬಲ್ಲ ಇಂಜಿನಿಯರ್ ಒಬ್ಬರು ಬಂದು ನೋಡದೆ ಪಾಯ ತೆಗೆಯಬೇಡಿ.

*

ಪ್ರಶ್ನೆ: ನಮ್ಮದು ಎರೆ ಭೂಮಿ. ಲೆವೆಲ್ ಸರ್ವೇ ಆಗೇತಿ. ಇನ್ನ ಪಾಯಾ ಹಾಕಬಹುದೇನ್ರಿ?
ಓದುಗರು, ಗದಗ ಜಿಲ್ಲೆ

ಉತ್ತರ: ಬ್ಯಾಡ್ರಿ. ಸರ್ವೇ ನೆಲದ ಮೇಲಿನದನ್ನು ಹೇಳುತ್ತದೆ, ಒಳಗಿನದನ್ನಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಣ್ಣಿನ ಪರೀಕ್ಷೆ ಬೇರೆ, ಅದನ್ನೂ ಮಾಡಿಸಿ.

*

ಪ್ರಶ್ನೆ: ನಮ್ಮ ಹಿಂದಿನ ಸೈಟಿನವರು ಮೂರಡಿ ಮಣ್ಣು ತುಂಬಿ ಕಾಂಪೌಂಡ್ ಎತ್ತಿದ್ದಾರೆ. ಮೊದಲು ಆ ಕಡೆಗೆ ಹರಿದು ಹೋಗುತ್ತಿದ್ದ ನೀರು ಈಗ ನಮ್ಮ ಹಿತ್ತಲಲ್ಲೇ ನಿಲ್ಲುತ್ತಿದೆ. ಕೇಳಿದರೆ "ನಮ್ಮ ಜಾಗ, ನಮ್ಮಿಷ್ಟ" ಅಂತಾರೆ.
ಓದುಗರು, ಮೈಸೂರು

ಉತ್ತರ: ಪೂರ್ತಿ ಅವರಿಷ್ಟ ಅಲ್ಲ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ (ಈಸ್‌ಮೆಂಟ್ಸ್ ಆಕ್ಟ್) 7ನೇ ಕಲಮಿನಲ್ಲೇ ಇದಕ್ಕೆ ಉದಾಹರಣೆ ಇದೆ: ಮೇಲಿನ ಜಮೀನಿನಲ್ಲಿ ಬಿದ್ದ ನೀರು ಸಹಜವಾಗಿ ಕೆಳಗಿನ ಜಮೀನಿಗೆ ಹರಿದು ಹೋಗುವುದು ಮೇಲಿನವರ ಹಕ್ಕು. ಅದೇ ಕಲಮಿನಲ್ಲಿ, ಪಕ್ಕದ ನೆಲ ನಮ್ಮ ನೆಲಕ್ಕೆ ಕೊಡುವ ಸಹಜ ಆಸರೆಯೂ ಹಕ್ಕು ಅಂತಿದೆ (ಕೊಡಗಿನವರು ಇದನ್ನು ಗಮನಿಸಿ).

ಕಷ್ಟ ಇರುವುದು ಮೊದಲು ಹೇಗಿತ್ತು ಅಂತ ತೋರಿಸುವುದರಲ್ಲಿ. ಅವರು ತುಂಬುವ ಮೊದಲು ನೀವು ಒಂದು ಲೆವೆಲ್ ನಕ್ಷೆ ಮಾಡಿಸಿದ್ದಿದ್ದರೆ ಅರ್ಧ ಕೇಸು ಮುಗಿದಿತ್ತು. ಈಗ ಪ್ಲಾನಿಗೆ ಕೊಟ್ಟ ಹಳೇ ನಕ್ಷೆ, ಹಳೇ ಫೋಟೋ, ಲೇಔಟಿನವರು ಚರಂಡಿ ಮಾಡಿದಾಗಿನ ಲೆವೆಲ್ ಏನಾದರೂ ಸಿಗುತ್ತದಾ ಹುಡುಕಿ, ಇವತ್ತಿನ ಮಟ್ಟವನ್ನೂ ಅಳೆಸಿ ಇಡಿ. ಕೋರ್ಟಿಗೆ ಹೋಗುವ ಮುಂಚೆ ಇಬ್ಬರೂ ಸೇರಿ ಗಡಿಯಲ್ಲಿ ಒಂದು ಪೈಪ್ ಹಾಕಿಕೊಳ್ಳಲು ಆಗುತ್ತಾ ಕೇಳಿ ನೋಡಿ, ಅದರ ಖರ್ಚು ವಕೀಲರ ಫೀಸಿಗಿಂತ ಕಡಿಮೆ.

*

ಪ್ರಶ್ನೆ: 40/60 ಸೈಟು, ಪೂರ್ವಕ್ಕೆ ರಸ್ತೆ. ಹಿಂದೆ ಪಶ್ಚಿಮದ ಕಡೆ ನಾಲ್ಕು ಅಡಿ ತಗ್ಗು ಅಂತ ಸರ್ವೇಯಲ್ಲಿ ಬಂದಿದೆ. ವಾಸ್ತು ಪ್ರಕಾರ ಪಶ್ಚಿಮ ಎತ್ತರ, ಈಶಾನ್ಯ ತಗ್ಗು ಇರಬೇಕಂತೆ. ನಮ್ಮ ಅತ್ತೆ ಪೂರ್ತಿ ಮಣ್ಣು ತುಂಬಿಸಲೇಬೇಕು ಅಂತ ಹಟ ಹಿಡಿದಿದ್ದಾರೆ.
ಓದುಗರು, ದಾವಣಗೆರೆ

ಉತ್ತರ: ಅತ್ತೆಯವರ ಮಾತು ತೆಗೆದುಹಾಕುವ ಮೊದಲು ಲೆಕ್ಕ ಹಾಕೋಣ. 60 ಅಡಿಗೆ ನಾಲ್ಕು ಅಡಿ ತಗ್ಗು. ಬರೀ ಸಪಾಟು ಮಾಡಲು ಸರಾಸರಿ ಎರಡು ಅಡಿ, ಅಂದರೆ 4,800 ಘನ ಅಡಿ ಮಣ್ಣು. ಪಶ್ಚಿಮವನ್ನು ಇನ್ನೊಂದು ಅರ್ಧ ಅಡಿ ಎತ್ತರಿಸಲು 5,400. ಬಡಿದು ಕೂರಿಸಿದ ಮೇಲಿನ ಲೆಕ್ಕ ಇದು, ಟಿಪ್ಪರ್‌ನಲ್ಲಿ ಬರುವ ಸಡಿಲ ಮಣ್ಣು ಇನ್ನೂ ಜಾಸ್ತಿ ಬೇಕು. ಹಿಂದುಗಡೆ ಅಷ್ಟು ಮಣ್ಣು ತಡೆಯಲು ಕಾಂಪೌಂಡ್ ಸಾಲದು, ಸರಿಯಾದ ತಡೆಗೋಡೆಯೇ ಬೇಕು. ಪಾಯ ಮಾತ್ರ ಹೇಗಿದ್ದರೂ ತುಂಬಿದ ಮಣ್ಣು ದಾಟಿ ಹಳೇ ಗಟ್ಟಿ ನೆಲಕ್ಕೇ ಇಳಿಯಬೇಕು.

ಇನ್ನು ಹಿಂದೆ ಏನಿದೆ ನೀವು ಬರೆದಿಲ್ಲ, ಉತ್ತರ ನಿಂತಿರುವುದು ಅದರ ಮೇಲೆ. ಹಿಂದೆ ಚರಂಡಿಯೋ ಕಾಲುವೆಯೋ ಇದ್ದರೆ ನೆಲವನ್ನು ಇದ್ದ ಹಾಗೇ ಬಿಡಿ. ಪಾಯವನ್ನು ರಸ್ತೆಗಿಂತ ಎತ್ತರಕ್ಕೆ ತಂದು ಹಿಂಭಾಗದ ತಗ್ಗಿನಲ್ಲಿ ಒಂದು ಉಗ್ರಾಣ ಮಾಡಿಕೊಳ್ಳಬಹುದು. ಹಿಂದೆ ಬೇರೆಯವರ ಸೈಟು, ನೀರಿಗೆ ದಾರಿಯೇ ಇಲ್ಲ ಅಂದರೆ ರಸ್ತೆಯ ಚರಂಡಿಗೆ ಹರಿಯುವಷ್ಟು ತುಂಬಿಸುವುದೇ ಒಳ್ಳೆಯದು. ಆಗ ವಾಸ್ತುವಿಗೂ ಸರಿ, ನೀರಿಗೂ ಸರಿ, ನಿಮ್ಮ ಅತ್ತೆ ಗೆದ್ದ ಹಾಗೆ. ಯಾವುದಾದರೂ ಸರಿ, ಸಂಪನ್ನು ಈಶಾನ್ಯದಲ್ಲಿ ಇಡಿ. ನೀರಿನ ಪೈಪ್ ರಸ್ತೆಯಿಂದಲೇ ತಾನೇ ಬರುವುದು, ಅದಕ್ಕೂ ಅಲ್ಲೇ ಹತ್ತಿರ.